ಅದಿರು

ಸಿಸ್ಟರ್ ಹೇಳಿದ್ದು ಮೂರೇ ಮಾತು:
ಬಿಸಿ ತಾಗಬಾರದು,
ಹೆಪ್ಪುಗಟ್ಟಬಾರದು,
ಅದಿರಬಾರದು.

ಅಲ್ಲಾಡಬಾರದು ಅಂದಿದ್ದರೆ ಸಾಕಿತ್ತು.
ಘಟ್ಟದ ಮೇಲಿನವಳು, ಪುಸ್ತಕದ ಮಾತು.
ಅದಿರು ಅಂದರೆ ನನಗೆ ಕಾಣುವುದೇ ಬೇರೆ.

ವಾರ್ಡಿನಲ್ಲಿ ಸ್ಟಾಕ್ ಇಲ್ಲ ಅಂತ ಚೀಟಿ ಬರೆದುಕೊಟ್ಟರು.
ಅಂಕೋಲೆಯ ಅಂಗಡಿಯಲ್ಲಿ ಸಿಕ್ಕಿತು
ಕಿರುಬೆರಳಿನಷ್ಟು ಸೀಸೆ.
ಒಳಗೆ ನೀರು, ನೋಡಲಿಕ್ಕೆ ಬರೀ ನೀರು.
ಬೆಲೆ ಮಾತ್ರ
ಒಂದು ಹದವಾದ ಇಸ್ವಾಣದ್ದು.

ಐಸು ನನಗೆ ಹೊಸತಲ್ಲ.
ಮೂವತ್ತು ವರ್ಷ ಬೇಲೇಕೇರಿ ದಕ್ಕೆಯಲ್ಲಿ
ಐಸು ಕುಟ್ಟಿದ ಕೈ.
ಬಂಗಡೆಗೆ ಎಷ್ಟು, ನೊಗಲಿಗೆ ಎಷ್ಟು,
ಬರಿಮೈಗೆ ತಾಗಿದರೆ ಸಿಗಡಿ ಹೇಗೆ
ಬೆಂಕಿಯಿಲ್ಲದೆ ಸುಟ್ಟುಹೋಗುತ್ತದೆ,
ಎಲ್ಲ ಗೊತ್ತು.
ಅದಕ್ಕೇ ಸೀಸೆಗೆ ಮೊದಲು ಲುಂಗಿಯ ಚೂರು ಸುತ್ತಿದೆ,
ಅವನದೇ ಲುಂಗಿ, ಆಮೇಲೆ ಪ್ಲಾಸ್ಟಿಕ್ಕು, ಆಮೇಲೆ ಐಸು.
ಡಬ್ಬಿ ತೊಡೆಯ ಮೇಲೆ.
ಅವರ್ಸೆ, ಹಾರವಾಡ, ಅಮದಳ್ಳಿ,
ಬಸ್ಸು ಕುಣಿದಲ್ಲೆಲ್ಲ
ನಾನು ಸೊಂಟದಲ್ಲೇ ಹೊಂಡ ನುಂಗಿದೆ.

'ಮೀನು ಒಳಗೆ ತರಬೇಡ್ರೋ' ಅಂದ ಕಂಡಕ್ಟರ್.
'ಮೀನಲ್ಲ ಮಾರಾಯಾ, ರಕ್ತ.'
ಅವನು ಟಿಕೇಟು ಹರಿದು ಸುಮ್ಮನೆ ಮುಂದೆ ಹೋದ.

ಸುಳ್ಳಲ್ಲ, ಪೂರ್ತಿ ಖರೆಯೂ ಅಲ್ಲ.
ರಕ್ತ ಮಾಡು ಅಂತ ಮೂಳೆಗೆ ಹೋಗುವ ಹೇಳಿಕೆ ಇದು.
ಕಿಡ್ನಿ ಹೇಳಿಕಳಿಸಬೇಕಾದ್ದು.
ಅದು ಮಾತು ಬಿಟ್ಟು ಎರಡು ವರ್ಷ.

ಹೆಸರು ಜಟ್ಟಿ. ತೂಕ ನಲವತ್ನಾಲ್ಕು.

ಬಂದರಿಗೆ ಲಾರಿ ಬರುತ್ತಿದ್ದ ಕಾಲದಲ್ಲಿ
ಬಲೆ ಬಿಟ್ಟು ಸಲಿಕೆ ಹಿಡಿದಿದ್ದ.
ಸಂಜೆ ಮನೆಗೆ ಬಂದರೆ
ಹುಬ್ಬು ಕೆಂಪು, ಕಿವಿಯೊಳಗೆ ಕೆಂಪು,
ಅಂಗಿ ಹಿಂಡಿದ ನೀರು ಕೋಳಿ ಕೊಯ್ದ ಹಾಗೆ.
ದಿಂಬಿನಲ್ಲಿ ಅವನ ತಲೆಯಷ್ಟೇ ದೊಡ್ಡ
ಒಂದು ಕೆಂಪು ಗುರುತು,
ಎಷ್ಟು ಸಾಬೂನು ಹಾಕಿದರೂ ಹೋಗಲಿಲ್ಲ.
ಹಡಗು ಹಡಗು ಕಬ್ಬಿಣ ತುಂಬಿ ಕಳಿಸಿದವನ
ಮೈಯಲ್ಲಿ ಈಗ ಕಬ್ಬಿಣ ಇಲ್ಲವಂತೆ.
ರಿಪೋರ್ಟಿನಲ್ಲಿದೆ, ಕೆಳಗೆ ಗೆರೆ ಎಳೆದಿದ್ದಾರೆ.

ಮೊದಲು ಮಾತ್ರೆ ಕೊಟ್ಟಿದ್ದರು.
ಚಹಾದ ಜೊತೆ ನುಂಗಬೇಡ ಅಂದರು. ಚಹಾ ಬಿಟ್ಟ.
ಹೊಟ್ಟೆ ತೊಳಸಿತು, ಕಪ್ಪಗೆ ಹೋಯಿತು, ಹೆದರಿದ.
'ಕಬ್ಬಿಣದ ಕಡಲೆ ಅಂತ ಮಾಸ್ತರರು ಅನ್ನುತ್ತಿದ್ದದ್ದು
ಇದೇ ಇರಬೇಕು' ಅಂತ ತಾನೇ ನಕ್ಕ.
ಶಾಲೆಯಲ್ಲಿ ಕೊಟ್ಟ ನೀಲಿ ಮಾತ್ರೆಯನ್ನು
ಮೊಮ್ಮಗಳು ನುಂಗದೆ
ಕಂಪಾಸಿನಲ್ಲಿ ಕೂಡಿಟ್ಟಿದ್ದಳು, ಅಜ್ಜನಿಗೆ ಅಂತ.
ಬೈದೆ.

ಇವತ್ತು ಸಿಸ್ಟರ್ ಡಬ್ಬಿ ಬಿಚ್ಚಿ
ಮೂಗು ಮುಚ್ಚಿಕೊಂಡು ಸೀಸೆ ಮುಟ್ಟಿ ನೋಡಿದಳು.
'ಸರಿಯಾಗಿದೆ' ಅಂದಳು.
ಯಾರೂ ಇಷ್ಟು ಸರಿಯಾಗಿ ತರುವುದಿಲ್ಲ ಅಂತಲೂ.
ಮೂಳೆಗೆ ಬರೀ ಹೇಳಿದರೆ ಸಾಲದಂತೆ, ಸಾಮಾನೂ ಬೇಕಂತೆ,
ಅದಕ್ಕೆ ಇನ್ನೊಂದು ಸೀಸೆ,
ಅವರೇ ಕೊಟ್ಟದ್ದು, ಕಪ್ಪು ಕಷಾಯದ ಹಾಗೆ.
ಸಲೈನಿಗೆ ಬಿದ್ದದ್ದೇ
ಅಂದಿನ ಮಳೆಯಲ್ಲಿ ಬಂದರಿನಿಂದ ಹರಿದು
ಸಮುದ್ರಕ್ಕಿಳಿಯುತ್ತಿದ್ದ ನೀರಿನ ಬಣ್ಣ.

ಜಟ್ಟಿ ಮಲಗಿದಲ್ಲೇ ಹನಿ ಎಣಿಸಿದ.
'ಶೇವಂತಿ, ಇದು ನಾ ತುಂಬಿದ್ದೇ.
ಚೀನಾ ನೋಡಿ ತಿರುಗಿ ಬಂತು.'
ಸ್ವಲ್ಪ ಹೊತ್ತು ಬಿಟ್ಟು,
'ಎಷ್ಟು ಕಮ್ಮಿ ತಂದಿದೆ ನೋಡು' ಅಂದ.

ಪ್ರತಿ ಸಲ ಸಿಸ್ಟರ್
ಅವನ ಕೆಳರೆಪ್ಪೆ ಎಳೆದು ಇಣುಕುತ್ತಾಳೆ,
ನಾನು ಮೀನಿನ ಕಿವಿರು ಎತ್ತಿ
ಗಿರಾಕಿಗೆ ತೋರಿಸಿದ ಹಾಗೆ.
ಕೆಂಪಿದ್ದರೆ ತಾಜಾ.
ಬಿಳುಚಿದ್ದರೆ, ನನಗೆ ಗೊತ್ತು,
ಏನು ಹೇಳಿದರೂ ಯಾರೂ ಕೊಳ್ಳುವುದಿಲ್ಲ.

ಆರೂವರೆ ಇದ್ದದ್ದು ಈಗ ಏಳು ಪಾಯಿಂಟ್ ಒಂದು.
ಹತ್ತಾದರೆ ಚೆನ್ನ ಅಂದಿದ್ದಾರೆ.

ರಾತ್ರಿ, ಅವನು ನಿದ್ದೆ ಹೋದ ಮೇಲೆ,
ಮೊಬೈಲಿನ ಬೆಳಕು ಹಿಡಿದು
ನಾನೂ ಮೆಲ್ಲಗೆ ರೆಪ್ಪೆ ಎಳೆದು ನೋಡಿದೆ.
ಗುಲಾಬಿಯೋ, ಬೆಳಕೇ ಹಾಗೆ ತೋರಿಸಿತೋ.
ನನ್ನ ಕೈ ಅದಿರಿತು.

ಕಣ್ಣು ಬಿಡದೆಯೇ ಕೇಳಿದ:
'ಎಷ್ಟಕ್ಕೆ ಕೊಡ್ತೆ?'